ದರ್ಜಿಯವರನ್ನು ನಡೆಸದ ದಿನ

ಮಾರ್ಚ್ ೧೧, ಮಂಗಳವಾರ

ಹೊಟ್ಟೆಯ ಆಪರೇಷನ್ ಆಗಿದ್ದ ದರ್ಜಿಯವರು ಇವತ್ತು ಮಧ್ಯಾಹ್ನ ಹೋಗಿಬಿಟ್ಟರು. ಗಾಯ ಒಣಗುತ್ತಿತ್ತು, ಜ್ವರವೂ ಇರಲಿಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತು ಅಂದರು ಡಾಕ್ಟರು.

ಹಾಗಾಗಬಾರದು ಅಂತಲೇ ನಿನ್ನೆ ಅವರನ್ನು ಎಬ್ಬಿಸಿ ನಡೆಸಬೇಕಿತ್ತು. ಹೋದೆ ಕೂಡ. "ನಾನೇ ಹಾಕಿದ ಹೊಲಿಗೆ ಆಗಿದ್ರೆ ಧೈರ್ಯವಾಗಿ ಎದ್ದುಬಿಡ್ತಿದ್ದೆ. ಇದು ಬೇರೆಯವರ ಕೈಕೆಲಸ. ಇವತ್ತೊಂದಿನ ಬಿಟ್ಬಿಡಿ ಸಿಸ್ಟರ್, ನಾಳೆ ನಡೀತೀನಿ," ಅಂದರು. ನಗು ಬಂತು. ನೋವಿಗೆ ಹಣೆಯೆಲ್ಲ ಬೆವೆತಿದ್ದು ನೋಡಿ ಬಲವಂತ ಮಾಡೋ ಮನಸ್ಸಾಗಲಿಲ್ಲ. ಹೊದಿಕೆ ಸರಿಮಾಡಿ ಬಂದುಬಿಟ್ಟೆ.

ನಡೆದಿದ್ದರೆ ಉಳಿಯುತ್ತಿದ್ದರು ಅಂತ ಹೇಳೋಕಾಗಲ್ಲ ಅಂದರು ಡಾಕ್ಟರು. ಉಳಿಯುತ್ತಿರಲಿಲ್ಲ ಅಂತಲೂ ಅವರು ಹೇಳಲಿಲ್ಲ.

ಸಂಜೆ ದರ್ಜಿಯವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನಿನ್ನೆ ನೀವು ಬಲವಂತ ಮಾಡ್ಲಿಲ್ವಂತೆ. ತುಂಬ ಒಳ್ಳೆಯವರು ಕಣೇ ಅಂತ ನಮ್ಮನೆಯವರು ಹೇಳಿದ್ರು. ನಿಮ್ಮ ಹೊಟ್ಟೆ ತಣ್ಣಗಿರ್ಲಿ ತಾಯಿ," ಅಂದರು.

ಆಮೇಲೆ ಪಕ್ಕದ ಮಂಚದಲ್ಲಿ ಆಪರೇಷನ್ ಆಗಿ ಮಲಗಿದ್ದ ತಾತನನ್ನು ಎಬ್ಬಿಸಿದೆ. "ನಿಂಗೆ ಒಂಚೂರೂ ಕನಿಕರ ಇಲ್ವೇನಮ್ಮ," ಅಂತ ಬೈದರು. ಬೈಸಿಕೊಳ್ಳುತ್ತಲೇ ಬಾಗಿಲ ತನಕ ನಡೆಸಿದೆ. ನಾನು ಹಿಂದಿನಿಂದ ಹಿಡಿದುಕೊಂಡಿದ್ದೆ, ಅದಕ್ಕೇ ನನ್ನ ಮುಖ ಅವರಿಗೆ ಕಾಣಲಿಲ್ಲ.