ಎರವಲು ಚರ್ಮ

ಮಾರ್ಚ್ ೧೧, ಭಾನುವಾರ

ಪ್ರೀತಿಯ ಪುಟ್ಟಿ,

ಶುಕ್ರವಾರದವರೆಗೆ ಫೋನ್ ಮಾಡಬೇಡ ಅಂದಿದ್ದೀಯ. ಸರಿ, ಮಾಡುವುದಿಲ್ಲ. ಕಾಗದ ಬರೆಯಬೇಡ ಅಂತೇನೂ ನೀನು ಹೇಳಿಲ್ಲ. ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ, ಶುಕ್ರವಾರದ ಲೇಸರ್‌ಗೆ ಎರಡು ದಿನ ಮುಂಚೆ ನಿನ್ನ ಕೈ ಸೇರುತ್ತದೆ. ಪೂರ್ತಿ ಓದು. ಆಮೇಲೆ ಹರಿದು ಹಾಕಿದರೂ ಬೇಸರವಿಲ್ಲ.

ಮಚ್ಚೆ ತೆಗೆಸಬೇಕೆಂದು ನಿನಗೆ ಅನ್ನಿಸಿದ್ದು ನನಗೆ ಅರ್ಥವಾಗದೆ ಇಲ್ಲ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು ನೀನು. ದಿನವಿಡೀ ಗಿರಾಕಿಗಳ ಮುಖಕ್ಕೆ ಒಂದು ಗೇಣು ದೂರದಲ್ಲಿ ನಿಂತು ಫ್ರೇಮ್ ಕೂರಿಸಬೇಕು. ಅವರ ಕಣ್ಣು ನಿನ್ನ ಎಡಗೆನ್ನೆಯ ಕಂದು ಮಚ್ಚೆಯ ಮೇಲಲ್ಲದೆ ಇನ್ನೆಲ್ಲಿ ಬೀಳಬೇಕು? ಅಂಗಡಿಗೆ ಬಂದ ಆ ಹೆಂಗಸು ಕಾಫಿ ಚೆಲ್ಲಿಕೊಂಡಿದ್ದೀಯಲ್ಲಮ್ಮ ಅಂತ ತನ್ನ ಕರವಸ್ತ್ರದಿಂದ ನಿನ್ನ ಕೆನ್ನೆ ಒರೆಸಿದಳಂತೆ. ಹೋಗದಿದ್ದಾಗ ಇದು ಅಂಟುತ್ತಾ ಅಂತ ಕೇಳಿ, ಗಾಜು ಒರೆಸುವ ದ್ರಾವಣವನ್ನೇ ಸುರಿದುಕೊಂಡು ಕೈ ತೊಳೆದಳಂತೆ. ನೀನು ನಗುತ್ತಾ ಹೇಳಿದೆ. ಅವಳ ಆ ಬೆರಳು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆದರೂ ಗುರುವಾರ ನಿನ್ನ ಜೊತೆ ಕ್ಲಿನಿಕ್ಕಿಗೆ ಬಂದವಳು ಮನೆಗೆ ಹಿಂದಿರುಗಿ ಮೊದಲು ತಲೆಗೆ ಸ್ನಾನ ಮಾಡಿದೆ. ಸುಟ್ಟ ಕೂದಲಿನ ನಾತ, ಅದರ ಮೇಲೆ ಸ್ಟ್ರಾಬೆರಿ ಸೆಂಟು. ನಮ್ಮ ಕುರ್ಚಿಯ ಪಕ್ಕದ ಬುಟ್ಟಿಯಲ್ಲಿ ಯಾರದೋ ಮುಖದಿಂದ ಸುಲಿದ ಮಾಸ್ಕು, ಮೂಗಿನ ಅಚ್ಚಿನ ಸಮೇತ ಹಸಿಹಸಿಯಾಗಿ ಬಿದ್ದಿತ್ತು. ಡಾಕ್ಟರಲ್ಲದಿದ್ದರೂ ಬಿಳಿ ಕೋಟು ತೊಟ್ಟಿದ್ದ ಆ ಸಲಹೆಗಾರ್ತಿ ನಿನ್ನ ಮುಖವನ್ನು ಗೋಡೆಯಷ್ಟು ದೊಡ್ಡದು ಮಾಡಿ ಪರದೆಯ ಮೇಲೆ ಹಾಕಿ, ಸೈಟು ಮಾರುವವರು ನಕ್ಷೆ ತೋರಿಸುವ ಹಾಗೆ ಕಡ್ಡಿಯಿಂದ ತೋರಿಸುತ್ತಾ ಹೋದಳು. ಮಚ್ಚೆ ಹೇಗೂ ತೆಗೀತೀವಿ, ಬಂದಿದ್ದೀರಲ್ಲ, ತುಟಿಗೂ ಒಂಚೂರು ತುಂಬಿಸೋಣ, ಇಪ್ಪತ್ತೆರಡಕ್ಕೇ ಶುರು ಮಾಡಿದರೆ ಮೂವತ್ತಕ್ಕೆ ಕಷ್ಟ ಇರಲ್ಲ ಅಂದಳು. ನನ್ನ ಕಡೆ ತಿರುಗಿ, ಅಮ್ಮನವರು ತಡ ಮಾಡಿದ್ದೀರಿ, ಆದರೂ ಕತ್ತು ಉಳಿಸಬಹುದು ಅಂದಳು. ನೀನು ನಕ್ಕೆ. ನಾನೂ ನಕ್ಕೆ. ಕತ್ತು ಉಳಿದರೆ ಸಾಕು ಅಂತ ಬಾಗಿಲ ಕಡೆ ನೋಡುತ್ತಿದ್ದವಳು ನಾನು.

ಆಮೇಲೆ ಫಾರ್ಮ್ ಬಂತು. ಮಚ್ಚೆ ಹುಟ್ಟಿನಿಂದ ಇದ್ದದ್ದೋ, ನಂತರ ಬಂದದ್ದೋ ಎಂದು ಅದರಲ್ಲಿ ಕೇಳಿದ್ದರು. ನೀನು ನಾಲ್ಕನೇ ವರ್ಷ ಜ್ವರ ಬಂದ ಮೇಲೆ ಬಂದದ್ದು ಅಂತ ಹೇಳಿ, ಪರ್ಸಿನಲ್ಲಿದ್ದ ನಿನ್ನ ಮೂರು ವರ್ಷದ ಫೋಟೊ ತೆಗೆದು, ನೋಡಿ, ಆಗ ಇರಲಿಲ್ಲ ಅಂತ ಅವಳಿಗೆ ತೋರಿಸಿದೆ. ಹೌದು ತಾನೆ ಅನ್ನುವಂತೆ ನನ್ನತ್ತ ನೋಡಿದೆ. ನಾನು ತಲೆಯಾಡಿಸಿದೆ. ಹಾಗಾದರೆ ಸುಲಭ, ಹುಟ್ಟು ಮಚ್ಚೆಯಾಗಿದ್ದರೆ ಡಾಕ್ಟರು ಮೊದಲು ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾಡಿ ತಿಂಗಳುಗಟ್ಟಲೆ ಕಾದು ನೋಡಬೇಕಿತ್ತು, ಕೆಲವು ಇನ್ನೂ ಕಪ್ಪಾಗಿ ವಾಪಸ್ ಬರ್ತವೆ ಅಂದಳು ಅವಳು. ಆ ಮಾತು ಸದ್ಯಕ್ಕೆ ಅಲ್ಲಿರಲಿ.

ನಿನ್ನ ಮನಸ್ಸು ಗಟ್ಟಿಯಾದದ್ದು ಅವರ ಆಲ್ಬಂ ನೋಡಿ. ಪ್ರತಿ ಪುಟದಲ್ಲೂ ಎರಡು ಮುಖ, 'ಮೊದಲು' ಮತ್ತು 'ನಂತರ'. ನೀನು ಒಂದೊಂದನ್ನೂ ಬೆರಳಿಟ್ಟು ಸವರುತ್ತಿದ್ದೆ. ನಾನು ನಾಲ್ಕನೇ ಪುಟದಲ್ಲಿ ನಿಂತುಬಿಟ್ಟೆ.

ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ನಾನು ಮಾಡುವ ಕೆಲಸ ನಿನಗೆ ಗೊತ್ತೇ ಇದೆ. ಕಂಪ್ಯೂಟರಿನಲ್ಲಿ ಊರವರ ಮುಖದ ಮೊಡವೆ, ಗುಳಿ, ಕಲೆ ಅಳಿಸುವುದು. ಅಳಿಸಿದ ಜಾಗ ಮೇಣದಂತೆ ನುಣ್ಣಗೆ ಕಾಣಬಾರದೆಂದು ಅದೇ ಮುಖದ ಕಿವಿಯ ಪಕ್ಕದಿಂದ ಒಂದು ತುಂಡು ಚರ್ಮವನ್ನು ನಕಲು ಮಾಡಿ ಕೆನ್ನೆಗೆ ಹಚ್ಚುತ್ತೇನೆ. ಎರವಲು ಚರ್ಮ ಎಂದು ನಾನೇ ಅದಕ್ಕೆ ಹೆಸರಿಟ್ಟುಕೊಂಡಿದ್ದೇನೆ. ನಾಲ್ಕನೇ ಪುಟದ ಹೆಂಗಸಿನ ಕಿವಿಯ ಪಕ್ಕ ಉಗುರು ತಾಗಿದಂಥ ಒಂದು ಗೀರಿತ್ತು. 'ನಂತರ'ದ ಚಿತ್ರದಲ್ಲಿ ಆ ಗೀರು ಕಿವಿಯ ಪಕ್ಕವೂ ಇತ್ತು, ಕೆನ್ನೆಯ ನಡುವೆಯೂ ಇತ್ತು. ಹೋದ ವರ್ಷ ಅವಸರದಲ್ಲಿ ನಾನು ಬಿಟ್ಟ ತಪ್ಪು ಅದು. ಕ್ರೀಮಿನ ಡಬ್ಬಿಯ ಮೇಲೆ ಹಾಕಲು ಅಂತ ಹೇಳಿ ಸ್ಟುಡಿಯೋ ಯಜಮಾನರು ನಲವತ್ತು ಮುಖ ಕೊಟ್ಟಿದ್ದರು. ನಲವತ್ತನ್ನೂ ಮೂರು ದಿನದಲ್ಲಿ ಮುಗಿಸಿದ್ದೆ. ನೀನು ಬೆರಳಿಟ್ಟು ಸವರಿದ್ದು ಲೇಸರನ್ನಲ್ಲ ಪುಟ್ಟಿ, ನನ್ನ ಕೈಕೆಲಸವನ್ನು.

ಅಲ್ಲೇ ಎದ್ದುನಿಂತು ಹೇಳಬೇಕಿತ್ತು. ಹೇಳಲಿಲ್ಲ. ಬಾಯಲ್ಲಿ ಏನೋ ಕೊಳೆತದ್ದನ್ನು ಇಟ್ಟುಕೊಂಡವಳ ಹಾಗೆ, ಉಗುಳಲೂ ಆಗದೆ ನುಂಗಲೂ ಆಗದೆ ಕೂತಿದ್ದೆ. ಹೊರಗೆ ಬಂದ ಮೇಲೆ ಹೇಳಿದ್ದು, ನನ್ನ ಕಣ್ಣಿಗೆ ನೀನು ಹೀಗೇ ಚೆನ್ನಾಗಿದ್ದೀಯ ಅನ್ನುವ ಸವಕಲು ಮಾತು. ನೀನು ಬಿಡಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ನಿನ್ನ ಸಾಕ್ಷಿ ನಡೆಯಲ್ಲ ಅಂದೆ. ಊರವರ ಮುಖ ಎಲ್ಲಾ ಸವರ್ತೀಯ, ನನ್ನ ಮುಖಕ್ಕೆ ಬಂದಾಗ ಉಪದೇಶ ಅಂದೆ.

ಆ ಮುಖಗಳು ಕ್ಲಿನಿಕ್ಕಿಗೆ ಹೇಗೆ ಹೋದವು ಅಂತ ಶನಿವಾರ ಯಜಮಾನರನ್ನು ಕೇಳಿದೆ. ನಿಮಗ್ಯಾಕಮ್ಮ ಅದೆಲ್ಲ, ಮದುವೆ ಹುಡುಗಿಯರ ಫೋಟೊ ತಿದ್ದುವಾಗ ಇಲ್ಲದ ಮಡಿವಂತಿಕೆ ಈಗೆಲ್ಲಿಂದ ಬಂತು ಅಂದರು. ಇನ್ನು ಆ ಕ್ಲಿನಿಕ್ಕಿನ ಕೆಲಸ ಮುಟ್ಟುವುದಿಲ್ಲ ಎಂದಷ್ಟೇ ಹೇಳಿ ನನ್ನ ಜಾಗಕ್ಕೆ ಹೋಗಿ ಕೂತೆ. ಪರದೆಯ ಮೇಲೆ ಯಾವುದೋ ಮುಖ ಕಾಯುತ್ತಿತ್ತು. ಮೌಸ್ ಹಿಡಿದರೆ ಕೈಗೆ ಜಿಡ್ಡು ಅಂಟಿದಂತಾಗಿ ಎರಡು ಸಲ ಎದ್ದು ಸೋಪು ಹಾಕಿ ತೊಳೆದೆ. ನಿನ್ನ ಅಂಗಡಿಯಲ್ಲಿ ಕೈ ತೊಳೆದ ಆ ಹೆಂಗಸಿನ ನೆನಪಾಯಿತು. ಅವಳಿಗಿಂತ ನನ್ನ ಕೈ ಯಾವುದರಲ್ಲಿ ಮೇಲು ಅಂತ ಕೇಳಿಕೊಂಡೆ.

ಮಾಡಿಸಿಕೊಳ್ಳಬೇಡ ಅನ್ನುವುದಿಲ್ಲ. ಕೆನ್ನೆ ನಿನ್ನದು, ಅದನ್ನು ಹೊತ್ತು ನಾಳೆ ಅಂಗಡಿಯಲ್ಲಿ ನಿಲ್ಲುವವಳೂ ನೀನೇ. ಆದರೆ ಶುಕ್ರವಾರ ಬೇಡ, ಅಲ್ಲಂತೂ ಬೇಡ. ಆಸ್ಪತ್ರೆಯ ಚರ್ಮದ ಡಾಕ್ಟರನ್ನು ನೋಡು. ಹೀಗೆ ಮಾಡಿಸಿಕೊಂಡ ಒಬ್ಬರ ಮುಖವನ್ನಾದರೂ ಎದುರಿಗೆ, ಹಗಲು ಬೆಳಕಿನಲ್ಲಿ ನೋಡು. ಆಮೇಲೆ ನಿನಗೆ ತೋಚಿದಂತೆ ಮಾಡು. ಕರೆದರೆ ಜೊತೆಗೆ ಬರುತ್ತೇನೆ, ಬಾಯಿ ಮುಚ್ಚಿಕೊಂಡು.

ನಿನ್ನ
ಅಮ್ಮ

ತಾ.ಕ.: ಮರೆತು ಕೊನೆಗೆ ಉಳಿದದ್ದಲ್ಲ, ಧೈರ್ಯ ಸಾಲದೆ ಉಳಿದದ್ದು. ಇದರ ಜೊತೆ ಒಂದು ಫೋಟೊ ಇಟ್ಟಿದ್ದೇನೆ. ನಿನಗಾಗ ಹತ್ತು ದಿನ. ಎಡಗೆನ್ನೆ ನೋಡು. ಮಚ್ಚೆ ಜ್ವರದಿಂದ ಬಂದದ್ದಲ್ಲ, ಹುಟ್ಟುವಾಗಲೇ ಇತ್ತು. ಗೋಡೆಯ ಮೇಲಿರುವ, ನಿನ್ನ ಪರ್ಸಿನಲ್ಲಿರುವ ಎಲ್ಲ ಎಳೆತನದ ಫೋಟೊಗಳಲ್ಲೂ ಅದನ್ನು ಅಳಿಸಿದವಳು ನಾನು. ಅಳಿಸು ಅಂತ ಯಾರೂ ಹೇಳಿರಲಿಲ್ಲ. ದೊಡ್ಡವಳಾಗಿ ಕೇಳಿದರೆ ಏನು ಹೇಳ್ತೀಯ ಅಂತ ಆಗಿನ್ನೂ ಬದುಕಿದ್ದ ನಿನ್ನ ಅಪ್ಪ ಕೇಳಿದ್ದರು. ಐದನೇ ವರ್ಷಕ್ಕೇ ನೀನು ಕೇಳಿದೆ, ನಾನು ಜ್ವರದ ಕಥೆ ಹೇಳಿದೆ. ಯಾವ ಡಾಕ್ಟರ ಹತ್ತಿರ ಹೋದರೂ ಈ ಫೋಟೊವನ್ನೇ ತೋರಿಸು. ನಾನು ಕೈ ಹಚ್ಚದೆ ಬಿಟ್ಟದ್ದು ಇದೊಂದೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದೆಯಲ್ಲ, ನನಗೆ ಅಷ್ಟೂ ಆಗಿರಲಿಲ್ಲ.