ನಲವತ್ತೊಂದು ಪುಟದ ಆಕಾಶ

ಪ್ರೀತಿಯ ಅತ್ತೆ,

ಕಣ್ಣಿನ ಪೊರೆ ತೆಗೆಸಿಕೊಂಡು ನಾಲ್ಕೇ ದಿನ ಆಗಿದೆ, ಇನ್ನೂ ಒಂದು ವಾರ ನೀವು ಏನನ್ನೂ ಓದುವಂತಿಲ್ಲ ಎಂದು ಗೊತ್ತಿದ್ದೂ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಎರಡು ಸಲ ಮಾಡಿದೆ ಕೂಡ. ಎರಡು ಸಲವೂ ಊಟ ಆಯಿತಾ, ಕಣ್ಣಿಗೆ ಔಷಧಿ ಬಿಟ್ಟರಾ ಎಂದು ಕೇಳಿ ಇಟ್ಟುಬಿಟ್ಟೆ. ನನ್ನ ಬಾಯಿ ಎಷ್ಟು ಜೋರು ಅಂತ ನಿಮಗೆ ಗೊತ್ತು. ಬೇಕಾದಾಗ ಮಾತ್ರ ಅದು ಕೈಕೊಡುತ್ತದೆ.

ಹಾಗಾಗಿ ಇದನ್ನು ನಿಮಗೆ ಓದಿ ಹೇಳುತ್ತಿರುವವಳು ನಿಮ್ಮ ಮಗಳೇ ಇರಬೇಕು. ನಾದಿನಿ, ನಿನಗೊಂದು ಮಾತು. ನಡುವೆ ನಗಬೇಡ, ನಿನ್ನದೊಂದು ಒಗ್ಗರಣೆ ಹಾಕಬೇಡ, ಬೇಜಾರಿನ ಕಡೆ ದನಿ ಬದಲಾಯಿಸಿ ನಾಟಕ ಮಾಡಬೇಡ. ಇದ್ದದ್ದನ್ನು ಇದ್ದ ಹಾಗೆ ಓದು.

ಅತ್ತೆ, ನಾನೊಂದು ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಹೇಳುವ ಮೊದಲು ಬೇರೆ ಏನೇನೋ ಹೇಳುತ್ತೇನೆ, ಸೈರಿಸಿಕೊಳ್ಳಿ.

ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ನೀವು ಗೆರೆ ಎಳೆಯುವುದನ್ನು ಮೊದಲ ಸಲ ನೋಡಿದೆ. ಅಡುಗೆಮನೆಯ ಪಕ್ಕದ ಮೇಜು, ಹಾಳೆಯ ಕಡೆ ತಿರುಗಿಸಿದ ದೀಪ, ಕೈಯಲ್ಲಿ ಶಾಯಿಯ ನಿಬ್ಬು. ನೀವು ಉಸಿರು ಹಿಡಿದಿರಿ. ಕೈ ತಿರುಗಿಸಲಿಲ್ಲ, ಹಾಳೆಯನ್ನೇ ತಿರುಗಿಸಿದಿರಿ. ಒಂದು ಮುದುಕಿಯ ಬೆನ್ನು ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಎಳೆತಕ್ಕೆ ಬಂದುಬಿಟ್ಟಿತು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ನೀವು ಕಣ್ಣೆತ್ತಿಯೂ ನೋಡಲಿಲ್ಲ. ಗೆರೆ ಮುಗಿದ ಮೇಲೆ ಉಸಿರು ಬಿಟ್ಟು, ‘ಏನ್ ನೋಡ್ತಾ ನಿಂತಿದ್ದೀಯೇ? ಹಾಲು ಒರೆಸು ಹೋಗು’ ಎಂದಿರಿ. ಹೋಗಿ ಒರೆಸಿದೆ. ನನಗೆ ಆವತ್ತೇ ನಿಮ್ಮ ಮೇಲೆ ಮನಸ್ಸಾಯಿತು, ನಿಮ್ಮ ಮಗನ ಮೇಲೆ ಆದದ್ದು ಸ್ವಲ್ಪ ತಡವಾಗಿಯೇ.

ಮೂವತ್ತೈದು ವರ್ಷ ನೀವು ಕಟ್ಟಡದ ನಕ್ಷೆಗಳ ಕಚೇರಿಯಲ್ಲಿ ಟ್ರೇಸರ್ ಆಗಿದ್ದವರು. ಎಂಜಿನಿಯರು ಪೆನ್ಸಿಲಿನಲ್ಲಿ ಗೀಚಿದ್ದರ ಮೇಲೆ ತೆಳು ಕಾಗದ ಹಾಸಿ, ಶಾಯಿಯಲ್ಲಿ ಶುದ್ಧ ಪ್ರತಿ ತೆಗೆಯುವ ಕೆಲಸ. ಬೇರೆಯವರ ಗೆರೆಯ ಮೇಲೆ ಅಷ್ಟು ವರ್ಷ ನಡೆದು ಬಂದವರು, ನಿವೃತ್ತಿಯಾದ ಮೇಲೆ ಒಂದು ದಿನ ‘ಇನ್ನು ನನ್ನ ಗೆರೆ ಎಳೀತೀನಿ’ ಎಂದು ಕಾಮಿಕ್ಸ್ ಶುರು ಮಾಡಿದಿರಿ. ಅದನ್ನು ಸ್ಕ್ಯಾನ್ ಮಾಡಿ, ಶುಚಿಗೊಳಿಸಿ, ವಾರಕ್ಕೊಂದು ಪುಟದಂತೆ ಇಂಟರ್‌ನೆಟ್ಟಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ‘ಕ್ಲೀನರ್ ಬಂದಳಾ?’ ಎಂದು ನೀವು ಕರೆಯುತ್ತಿದ್ದದ್ದೂ ಆಗಿನಿಂದಲೇ.

ನನಗೆ ಅದು ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ. ಎಷ್ಟೆಂದರೂ ನಾನು ಫೋಟೋ ಸ್ಟುಡಿಯೋದಲ್ಲಿ ಮುಖದ ಮೊಡವೆ, ಹಳೆಯ ಫೋಟೋದ ಗೀರು ತೆಗೆಯುವವಳು. ಒಮ್ಮೆ ಮದುಮಗನ ಕೆನ್ನೆಯ ಹುಟ್ಟುಮಚ್ಚೆಯನ್ನೂ ತೆಗೆದುಹಾಕಿ, ‘ಇವನ್ಯಾರಮ್ಮ, ನನ್ನ ಮಗ ಎಲ್ಲಿ?’ ಎಂದು ಅವನ ತಾಯಿಯಿಂದ ಬೈಸಿಕೊಂಡಿದ್ದೆ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ನೀವು ಪರೀಕ್ಷೆಗೆಂದು ಕೊಟ್ಟ ಮೊದಲ ಹಾಳೆ ನೆನಪಿದೆಯಾ? ಬರೀ ಒಂದು ಕುರ್ಚಿ ಮತ್ತು ಕೊಡೆ. ಜಾಣತನ ತೋರಿಸಲು ಹೋಗಿ ನಾನು ನಿಮ್ಮ ಗೆರೆಗಳ ಚೂರುಪಾರು ನಡುಕವನ್ನೆಲ್ಲ ಕಂಪ್ಯೂಟರಿನಲ್ಲಿ ನುಣುಪು ಮಾಡಿ, ದೊಡ್ಡದಾಗಿ ಪ್ರಿಂಟ್ ತೆಗೆಸಿ ತಂದೆ. ಭೂತಗನ್ನಡಿ ಹಿಡಿದು ನೋಡಿದವರು ಹಾಳೆಯನ್ನು ನನ್ನತ್ತ ಸರಿಸಿ, ‘ಗೆರೆ ತೊಳಿ ಅಂದೆ, ಇಸ್ತ್ರಿ ಹಾಕು ಅನ್ನಲಿಲ್ಲ’ ಎಂದಿರಿ. ಆಮೇಲೆ ಒಂದು ಗೆರೆಯನ್ನೂ ನಾನು ಮುಟ್ಟಲಿಲ್ಲ. ನಿಬ್ಬು ಎಲ್ಲಿ ಒತ್ತಿದೆ, ಎಲ್ಲಿ ಶಾಯಿ ಮುಗಿಯುತ್ತ ಬಂದು ಗೆರೆ ಬಡಕಲಾಗಿದೆ, ಎಲ್ಲಿ ನೀವು ಬ್ಲೇಡಿನಿಂದ ಹೆರೆದು ಮತ್ತೆ ಎಳೆದಿದ್ದೀರಿ, ಎಲ್ಲವೂ ಪರದೆಯ ಮೇಲೆ ಆಳೆತ್ತರಕ್ಕೆ ಕಾಣುತ್ತದೆ. ನಿಮ್ಮ ಕೈಯನ್ನು ನಾನು ಬಲ್ಲಷ್ಟು ಹತ್ತಿರದಿಂದ ಬಲ್ಲವರು ಯಾರೂ ಇಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ.

ನಾದಿನಿ, ನಿನಗೆ ಈ ಕೆಲಸ ಗೊತ್ತಿಲ್ಲ, ಕೇಳಿಸಿಕೋ. ಗಾಜು ಒರೆಸಿ ಹಾಳೆಯನ್ನು ಬೋರಲು ಹಾಕುತ್ತೇನೆ. ಚಿತ್ರ ಪರದೆಗೆ ಬಂದ ಕೂಡಲೇ ಮಾಡುವುದು ನೀಲಿಯನ್ನು ಅಳಿಸುವುದು. ಅಮ್ಮ ಮೊದಲು ನೀಲಿ ಪೆನ್ಸಿಲಿನಲ್ಲಿ ಕರಡು ಬರೆದು ಅದರ ಮೇಲೆ ಶಾಯಿ ಎಳೆಯುತ್ತಾರಲ್ಲ, ಆ ನೀಲಿ. ಒಂದು ಗುಂಡಿ ಒತ್ತಿದರೆ ಅಷ್ಟೂ ಮಾಯ. ಆಮೇಲೆ ಕಾಗದದ ಬೂದು ಬಣ್ಣವನ್ನು ಬಿಳಿ ಮಾಡಬೇಕು, ಶಾಯಿಯನ್ನು ಕಪ್ಪು ಮಾಡಬೇಕು. ಕೊನೆಗೆ ಉಳಿಯುವುದು ಧೂಳು. ಗಾಜಿನ ಮೇಲಿನ ಕಣ, ಕಾಗದದ ನಾರು, ಯಾರದೋ ಕೂದಲು. ಅದನ್ನು ಒಂದೊಂದಾಗಿ ಹುಡುಕಿ ತೆಗೆಯುವುದಕ್ಕೆ ಒಂದು ಪುಟಕ್ಕೆ ಎರಡು ಗಂಟೆ ಹಿಡಿಯುತ್ತದೆ. ಆಕಾಶ ಇದ್ದ ಕಡೆಯಂತೂ ನನಗೆ ಹಬ್ಬ. ಒಂದು ಚುಕ್ಕೆಯೂ ಉಳಿಯದಂತೆ ಬಳಿದು ಗುಡಿಸಿಬಿಡುತ್ತಿದ್ದೆ.

ಅತ್ತೆ, ಈಗ ನಿಮ್ಮ ಕಥೆಗೆ ಬರುತ್ತೇನೆ. ಮೊದಲ ಪುಟದಲ್ಲಿ ಟ್ರೇಸರ್ ಹುಡುಗಿ ಕೆಲಸಕ್ಕೆ ಸೇರುವ ದಿನ ಬೆಳಿಗ್ಗೆ ಮಹಡಿಗೆ ಹೋಗಿ, ಅಪ್ಪ ಸಾಕಿದ್ದ ಪಾರಿವಾಳವನ್ನು ಹಾರಿಬಿಡುತ್ತಾಳೆ. ‘ಹೋಗಿ ಬಾ’ ಎನ್ನುತ್ತಾಳೆ. ಎರಡನೆಯ ಪುಟದಿಂದ ಕಚೇರಿ. ಮೂರನೇ ಮಹಡಿಯ ಕಿಟಕಿ, ಪಕ್ಕದಲ್ಲಿ ಅವಳ ಮೇಜು. ನಲವತ್ತೊಂದನೆಯ ಪುಟದವರೆಗೂ ಅವಳ ಮದುವೆ, ಬಾಣಂತನ, ತಲೆನರೆ, ಗದರುವ ಮೇಲಧಿಕಾರಿ, ಎಲ್ಲವೂ ಆ ಕಿಟಕಿಯ ಪಕ್ಕದಲ್ಲೇ. ಪ್ರತಿ ಪುಟದಲ್ಲೂ ಒಂದು ಸಲ ಅವಳು ತಲೆಯೆತ್ತಿ ಹೊರಗೆ ನೋಡುತ್ತಾಳೆ.

ಓದುಗರು ಆ ಖಾಲಿ ಆಕಾಶವನ್ನು ಎಷ್ಟು ಮೆಚ್ಚಿದರು! ‘ಆ ಬಿಳಿ ಜಾಗ ನೋಡಿದ್ರೆ ಎದೆ ಭಾರ ಆಗುತ್ತೆ’ ಎಂದು ಬರೆದರು. ನಾನು ಅದನ್ನೆಲ್ಲ ನಿಮಗೆ ಓದಿ ಹೇಳುತ್ತಿದ್ದೆ. ಹಾಳೆಯ ಮೇಲೆ ಭೂತಗನ್ನಡಿ ಹಿಡಿದು ಬರೆಯುತ್ತಿದ್ದ ನಿಮಗೆ ಪೊರೆ ಬಂದ ಕಣ್ಣಲ್ಲಿ ಫೋನಿನ ಪರದೆ ನೋಡಿದರೆ ಬರೀ ಬೆಳಕು ಕಾಣುತ್ತಿತ್ತು. ಕೇಳಿಸಿಕೊಂಡು ನೀವು ಮುಸಿಮುಸಿ ನಗುತ್ತಿದ್ದಿರಿ. ‘ಖಾಲಿಯಂತೆ! ನೋಡೋರಿಗೆ ಕಣ್ಣಿರಬೇಕು ಕಣೇ’ ಎನ್ನುತ್ತಿದ್ದಿರಿ. ನಾನೂ ಜೊತೆಗೆ ನಗುತ್ತಿದ್ದೆ, ಯಾಕೆಂದು ಗೊತ್ತಿಲ್ಲದೆ. ಆಕಾಶ ಅಷ್ಟು ಸ್ವಚ್ಛವಾಗಿ ಬಂದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೊರಡುವಾಗ ಕೊನೆಯ ಹಾಳೆಯನ್ನು ನನ್ನ ಕೈಗಿಟ್ಟು, ‘ಇದೊಂದಕ್ಕೋಸ್ಕರವೇ ಉಳಿದ ನಲವತ್ತೊಂದು ಬರೆದದ್ದು. ನಾನು ಬರೋದರೊಳಗೆ ಹಾಕಿಬಿಡು’ ಎಂದಿರಿ. ಕಳೆದ ಸೋಮವಾರ ಬೆಳಿಗ್ಗೆ ಅದನ್ನು ಸ್ಕ್ಯಾನರಿಗೆ ಹಾಕಿದೆ. ಅವಳ ನಿವೃತ್ತಿಯ ದಿನ. ಮೇಜು ಖಾಲಿ. ಕಿಟಕಿಯ ಅಂಚಿನಲ್ಲಿ ಪಾರಿವಾಳ ಬಂದು ಕೂತಿದೆ, ಕತ್ತು ಓರೆ ಮಾಡಿಕೊಂಡು. ಅವಳು ಒಂದು ಬೆರಳು ಚಾಚಿದ್ದಾಳೆ. ಮಾತೇ ಇಲ್ಲ. ನನ್ನ ಕಣ್ಣು ತುಂಬಿಬಂತು. ಆದರೆ ತಲೆ ಮಾತ್ರ, ಇದ್ದಕ್ಕಿದ್ದಂತೆ ಇದೆಲ್ಲಿಂದ ಬಂತು ಎಂದು ತಕರಾರು ತೆಗೆಯಿತು. ಮೊದಲ ಪುಟದ ಹಕ್ಕಿಯೇ ಹೌದಾ ಎಂದು ರೆಕ್ಕೆಯ ಪಟ್ಟೆ ಹೋಲಿಸಿ ನೋಡಲು ಹಳೆಯ ಹಾಳೆಗಳ ಕಡತ ತೆಗೆದೆ. ಇಷ್ಟು ದಿನ ಹಾಳೆ ಬೋರಲು ಹಾಕಿ, ಪರದೆ ನೋಡಿ, ಹಾಳೆಯನ್ನು ಕಡತಕ್ಕೆ ಸೇರಿಸಿಬಿಡುತ್ತಿದ್ದವಳು ನಾನು. ಮೊದಲ ಸಲ ನಿಮ್ಮ ಹಾಳೆಗಳನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದೆ.

ಎರಡನೆಯ ಹಾಳೆಯಲ್ಲಿ, ಕರಡಿನ ನೀಲಿ ಗೆರೆಗಳ ನಡುವೆ, ಆಕಾಶದಲ್ಲಿ ಒಂದು ನೀಲಿ ಸುತ್ತು. ಸುತ್ತಿನೊಳಗೆ ಸಾಸಿವೆಗಿಂತ ಸಣ್ಣ ಶಾಯಿ ಚುಕ್ಕೆ. ಪಕ್ಕದಲ್ಲಿ ನಿಮ್ಮ ದುಂಡು ಅಕ್ಷರ: ‘ಇದು ಧೂಳಲ್ಲ, ಪಾರಿವಾಳ. ಬಿಡು.’

ಅಯ್ಯೋ ಅತ್ತೆ. ಉಳಿದ ಹಾಳೆಗಳನ್ನೂ ಒಂದೊಂದಾಗಿ ಬಿಸಿಲಿಗೆ ಹಿಡಿದೆ.

ಮೂರನೆಯದರಲ್ಲಿ, ‘ಇಲ್ಲೂ ಇದೆ, ಎಡ ಮೂಲೆ.’ ನಾಲ್ಕರಲ್ಲಿ, ‘ಬಲಕ್ಕೆ ಹೋಯಿತು. ಊರು ಸುತ್ತೋ ಚಟ.’ ಆರರಲ್ಲಿ, ‘ಮಳೆಯಲ್ಲಿ ನೆನೆದಿದೆ, ಪಾಪ.’ ಒಂಬತ್ತರಲ್ಲಿ ಇದ್ದದ್ದನ್ನು ಮೂರು ಸಲ ಓದಿದೆ: ‘ಇನ್ನು ಬರೆದು ಹೇಳೋದಿಲ್ಲ. ಇಷ್ಟರಲ್ಲಿ ನಿನ್ನ ಕಣ್ಣಿಗೆ ಅಭ್ಯಾಸ ಆಗಿರುತ್ತೆ.’

ಆಮೇಲೆ ನೀಲಿ ಸುತ್ತಿಲ್ಲ, ಚುಕ್ಕೆ ಮಾತ್ರ. ಇಪ್ಪತ್ತೊಂಬತ್ತು, ಮೂವತ್ತರ ಹೊತ್ತಿಗೆ ಅದಕ್ಕೊಂದು ಸಣ್ಣ ಬಾಗು ಬಂದಿದೆ. ಅದನ್ನು ಕೂದಲೆಂದು ತೆಗೆದಿದ್ದೇನೆ. ನಲವತ್ತೊಂದರಲ್ಲಿ ಜೀರಿಗೆಯಷ್ಟಾಗಿದೆ, ನಿಬ್ಬಿನಿಂದ ಸಿಡಿದ ಶಾಯಿ ಎಂದು ತೆಗೆದಿದ್ದೇನೆ. ಅದು ದೂರ ಹೋಗಿ, ಅಲೆದು, ಪುಟದಿಂದ ಪುಟಕ್ಕೆ ಹತ್ತಿರ ಬರುತ್ತಿತ್ತು. ಹತ್ತು ತಿಂಗಳು ಅದು ಹಾರಿದ್ದನ್ನು ನಾನು ಹತ್ತು ತಿಂಗಳು ಅಳಿಸಿದೆ.

ನಿಮ್ಮ ಕಚೇರಿಯ ಪದ್ಧತಿ ಆಗ ನೆನಪಾಯಿತು. ನಕ್ಷೆ ತಪಾಸಣೆ ಮಾಡುವವರಿಗೆ ಹೇಳಬೇಕಾದದ್ದನ್ನೆಲ್ಲ ನೀಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದಿರಂತೆ, ಪ್ರತಿಯಲ್ಲಿ ಮೂಡುವುದಿಲ್ಲವೆಂದು. ‘ಮನೆ ಮಾತು ಬಾಯಲ್ಲಿ, ಕೆಲಸದ ಮಾತು ಹಾಳೆ ಮೇಲೆ’ ಎಂದು ನೀವು ಎಷ್ಟು ಸಲ ಹೇಳಿದ್ದೀರಿ. ನನ್ನನ್ನು ಮನೆಯ ಸೊಸೆಯಾಗಿ ಅಲ್ಲ, ಕಚೇರಿಯ ಜೊತೆಗಾರ್ತಿಯಾಗಿ ಕಂಡು ಮಾತಾಡಿಸಿದ್ದೀರಿ. ನಾನು ಆ ಮಾತು ಕಣ್ಣಿಗೆ ಬೀಳುವ ಮೊದಲೇ ಗುಂಡಿ ಒತ್ತಿ ಅಳಿಸಿದ್ದೇನೆ.

ನಿಮ್ಮ ಮಗನಿಗೆ ಹೇಳಿದೆ. ‘ಅಷ್ಟೇನಾ? ಅಮ್ಮನಿಗೆ ಪರದೆ ಮೇಲೆ ಕಾಣ್ತಾನೇ ಇರಲಿಲ್ಲವಲ್ಲ. ಹೊಸದಾಗಿ ಸ್ಕ್ಯಾನ್ ಮಾಡಿ ಬದಲಾಯಿಸಿಬಿಡು. ಕಣ್ಣು ಸರಿಹೋದ ಮೇಲೆ ನೋಡಿದರೆ ಎಲ್ಲ ಇದ್ದ ಹಾಗೇ ಇರುತ್ತೆ’ ಎಂದರು. ಸುಳ್ಳು ಯಾಕೆ ಹೇಳಲಿ, ಅರ್ಧ ದಿನ ನನಗೂ ಅದೇ ಸರಿ ಎನಿಸಿತ್ತು.

ಆದರೆ ಓದುಗರಲ್ಲಿ ಒಬ್ಬಳು ಇದ್ದಾಳೆ. ‘ಇವಳ ಕಿಟಕಿಯ ಹೊರಗೆ ಏನೂ ಇಲ್ಲ. ನನ್ನ ಕಿಟಕಿಯ ಹೊರಗೂ ಅಷ್ಟೇ’ ಎಂದು ಬರೆದಿದ್ದಳಲ್ಲ, ಅವಳು. ಆವತ್ತು ನೀವು ನಗಲಿಲ್ಲ. ನಿಬ್ಬು ಕೆಳಗಿಟ್ಟು, ‘ಇನ್ನೊಂದು ಸಲ ನೋಡು ಅಂತ ಬರಿ ಅವಳಿಗೆ’ ಎಂದಿರಿ. ನಾನು ಬರೆದೆ. ಅವಳು ಉತ್ತರ ಕೊಟ್ಟಿದ್ದಳು ಅತ್ತೆ. ‘ನೋಡಿದೆ. ಏನೂ ಇಲ್ಲ’ ಎಂದು. ನಿಮಗೆ ಬೇಜಾರಾಗುತ್ತದೆಂದು ಅದನ್ನು ಓದಿ ಹೇಳಿರಲಿಲ್ಲ. ನೀವು ಅವಳಿಗೋಸ್ಕರ ಕಳಿಸಿದ ಹಕ್ಕಿಯನ್ನು ತಡೆದವಳು ನಾನು ಎಂದ ಮೇಲೆ ಗುಟ್ಟಾಗಿ ಪುಟ ಬದಲಾಯಿಸಿ ಸುಮ್ಮನಿರಲು ನನ್ನಿಂದಾಗಲಿಲ್ಲ.

ಸ್ಟುಡಿಯೋಗೆ ರಜೆ ಹಾಕಿದೆ. ಮೂರು ದಿನ ಕೂತು ಎಲ್ಲ ಹಾಳೆಗಳನ್ನೂ ಮತ್ತೆ ಸ್ಕ್ಯಾನ್ ಮಾಡಿದೆ. ಈ ಸಲ ಹಾಳೆ ಪಕ್ಕದಲ್ಲಿ, ಭೂತಗನ್ನಡಿ ಕೈಯಲ್ಲಿ. ಊದಿದರೆ ಹಾರುವುದು ಧೂಳು, ಉಳಿಯುವುದು ನಿಮ್ಮದು. ಆಗ ನನಗೆ ನಿಮ್ಮ ಕೆಲಸ ನಿಜವಾಗಿ ಕಂಡಿತು. ಪೊರೆ ಬಂದ ಕಣ್ಣಿನಲ್ಲಿ, ಯಾರ ಗಮನಕ್ಕೂ ಬರದಿದ್ದರೂ ಸರಿ ಎಂದು, ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನೂ ಲೆಕ್ಕ ಹಾಕಿ ಒಂದೊಂದು ಚುಕ್ಕೆ ಇಟ್ಟಿದ್ದೀರಿ. ನಿಮ್ಮ ಕೈಯನ್ನು ಬಲ್ಲೆ ಎಂದು ಬೀಗಿದ್ದೆನಲ್ಲ, ನಾಚಿಕೆಯಾಯಿತು. ಅಷ್ಟೇ ಹೆಮ್ಮೆಯೂ ಆಯಿತು ಅತ್ತೆ, ಇಂಥವರ ಮನೆಗೆ ಬಂದೆನಲ್ಲ ಎಂದು.

ನಿನ್ನೆ ಮಧ್ಯಾಹ್ನ ಆ ನಲವತ್ತೊಂದನ್ನೂ ಏರಿಸಿ, ಮೇಲೊಂದು ಸಾಲು ಬರೆದೆ: ‘ಆಕಾಶ ಖಾಲಿ ಇರಲಿಲ್ಲ. ಧೂಳೆಂದು ತಿಳಿದು ಖಾಲಿ ಮಾಡಿದವಳು ನಾನು, ಬರೆದವರ ಸೊಸೆ. ದಯವಿಟ್ಟು ಎರಡನೆಯ ಪುಟದಿಂದ ಇನ್ನೊಂದು ಸಲ ನೋಡಿ.’ ಬೈಗುಳಕ್ಕೆ ಬೆನ್ನು ಒಡ್ಡಿ ಕೂತಿದ್ದೆ. ಒಂದಿಷ್ಟು ಬಂದವು, ತಿಂದೆ. ಇವತ್ತು ಬೆಳಿಗ್ಗೆ ಆ ಕಿಟಕಿಯವಳು ಬರೆದಿದ್ದಾಳೆ. ‘ಕಂಡಿತು. ಎಲ್ಲ ಪುಟದಲ್ಲೂ ಇದೆ. ಇಪ್ಪತ್ತಮೂರರಲ್ಲಿ ಮಾತ್ರ ಎರಡಿವೆ. ಅದಕ್ಕೆ ಜೊತೆ ಸಿಕ್ಕಿತಾ?’

ಓಡಿಹೋಗಿ ಹಾಳೆ ತೆಗೆದು ನೋಡಿದೆ. ಹೌದು, ಎರಡು ಚುಕ್ಕೆ, ಒಂದರ ಪಕ್ಕ ಒಂದು. ಎರಡೂ ಶಾಯಿ. ಊದಿದರೂ ಹೋಗಲಿಲ್ಲ, ಬಟ್ಟೆಯಲ್ಲಿ ಒರೆಸಿದರೂ ಹೋಗಲಿಲ್ಲ. ಒಂದು ಪಾರಿವಾಳ. ಇನ್ನೊಂದು ನಿಬ್ಬಿನಿಂದ ಸಿಡಿದದ್ದೋ, ನೀವೇ ಇಟ್ಟದ್ದೋ? ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಒಪ್ಪಿಕೊಂಡು ಎರಡನ್ನೂ ಬಿಟ್ಟಿದ್ದೇನೆ. ನಿಮ್ಮ ಡಬ್ಬಿಯಿಂದ ನೀಲಿ ಪೆನ್ಸಿಲ್ ತೆಗೆದು, ಎರಡಕ್ಕೂ ಸೇರಿಸಿ ಒಂದು ಸುತ್ತು ಹಾಕಿ, ಪಕ್ಕದಲ್ಲಿ ‘ಅತ್ತೆ, ಇದು ಯಾರು?’ ಎಂದು ಬರೆದಿದ್ದೇನೆ.

ಕೊನೆಯ ಪುಟ ಹಾಕಿಲ್ಲ. ನಿಮ್ಮ ಮಾತು ಮೀರಿದ್ದೇನೆ, ಬಂದು ಬೈಯಿರಿ. ಅದನ್ನು ಪರದೆಯ ಮೇಲೆ ಮೊದಲು ನೋಡುವವರು ನೀವಾಗಬೇಕು, ನಿಮ್ಮ ಹೊಸ ಕಣ್ಣಲ್ಲಿ. ಅವಳೂ ಕಾಯುತ್ತೇನೆ ಎಂದಿದ್ದಾಳೆ.

ನಾದಿನಿ, ಓದಿದ್ದು ಸಾಕು, ಅಮ್ಮನ ಕಣ್ಣಿಗೆ ಔಷಧಿ ಬಿಡು. ಅಳಬಾರದು ಅಂದಿದ್ದಾರೆ, ನೆನಪಿಸು.

ಅತ್ತೆ, ನಿಮ್ಮ ಕಣ್ಣು ತಂಪಾಗಿರಲಿ, ಕೈ ಹೀಗೇ ಇರಲಿ. ಹೊರಡುವಾಗ ‘ಹೋಗಿ ಬನ್ನಿ’ ಎಂದಿದ್ದೆ. ಹೋಗಿದ್ದು ಸಾಕು, ಬನ್ನಿ. ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದು ಇಟ್ಟಿದ್ದೇನೆ.

ನಿಮ್ಮ ನೀಲಿ ಅಕ್ಷರ ಓದಲು ಈಗಷ್ಟೇ ಕಲಿತಿರುವ,
ಕ್ಲೀನರ್ ಸೊಸೆ