ರೈಟರ್‌ಗಳ ಪಟ್ಟಿ

೧೨ ಆಗಸ್ಟ್ ೨೦೦೪, ಗುರುವಾರ. ಮೂಡಿಗೆರೆ.

ತಡೆದೆ. ಬೆಳೆಗಾರರ ಸಂಘದ ಹೆಸರು ಹೇಳಿಕೊಂಡು ಯಾರೋ ಹೊರಗಿನ ವಿಳಾಸದಿಂದ ಕಳಿಸುತ್ತಿದ್ದ ‘ಸಭೆ ರದ್ದಾಗಿದೆ’ ಎಂಬ ಸುಳ್ಳು ಇ-ಮೇಲನ್ನು ಇವತ್ತು ಸಂಜೆ ಸರ್ವರ್ ಬಾಗಿಲಲ್ಲೇ ತಿರುಗಿಸಿ ಕಳಿಸಿತು. ಸರ್ವರ್ ತಾನೇ ಬರೆದಿಡುವ ದಾಖಲೆಯ, ಅಂದರೆ ಲಾಗ್‌ನ, ಆ ಒಂದು ಸಾಲನ್ನು ಮೂರು ಸಲ ಓದಿದೆ. ಶನಿವಾರದೊಳಗೆ ನಿಲ್ಲದಿದ್ದರೆ ಇ-ಮೇಲ್ ಬಿಟ್ಟು ಮತ್ತೆ ಪೋಸ್ಟ್ ಕಾರ್ಡೇ ಎಂದಿದ್ದರು ಅಧ್ಯಕ್ಷರು. ಸಂಘದ ಇ-ಮೇಲ್ ವ್ಯವಸ್ಥೆ ಕಟ್ಟಿದ ನನ್ನ ಎರಡು ವರ್ಷದ ಕೆಲಸ ಉಳಿಯಿತು.

ಬೆಳಿಗ್ಗೆ ಮಾತ್ರ ಪೇಚಾಗಿತ್ತು. ಸಂಘದ ಡೊಮೈನ್‌ಗೆ, ಅಂದರೆ ಸಂಘದ ಇ-ಮೇಲ್ ವಿಳಾಸಕ್ಕೆ, ಸದಸ್ಯರ ವಿಳಾಸದಿಂದ ಬಂದದ್ದನ್ನಷ್ಟೇ ಸೇರಿಸಿಕೊಳ್ಳುವಂತೆ ಪಟ್ಟಿ ಮಾಡಿದ್ದೆ. ಸದಸ್ಯರ ಪತ್ರಗಳೇ ವಾಪಸ್ಸಾದವು. ಗೋಣಿಬೀಡಿನ ಜಾನಕಮ್ಮನವರು ಫೋನ್ ಮಾಡಿದರು.

“ನಾವೆಲ್ಲಿ ಟೈಪ್ ಮಾಡ್ತೀವಿ ಮಾರಾಯ್ತಿ? ಎಲ್ಲ ನಮ್ಮ ರೈಟರ್ ಕಳ್ಸೋದು, ಅವ್ರ ವಿಳಾಸದಿಂದ.”

ಎಸ್ಟೇಟಿನ ಗುಮಾಸ್ತರನ್ನು ಇಲ್ಲಿ ರೈಟರ್ ಎನ್ನುವುದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಮಧ್ಯಾಹ್ನದೊಳಗೆ ಹತ್ತೊಂಬತ್ತು ರೈಟರ್‌ಗಳ ವಿಳಾಸ ಸೇರಿಸಿದೆ. ಒಂದು ಉಳಿದಿದೆ.

“ನಂದು ನಾನೇ ಬರಿಯೋದು” ಎಂದು ಸಭೆಯಲ್ಲಿ ಹೇಳಿಕೊಳ್ಳುವ ಅಧ್ಯಕ್ಷರ ಪತ್ರವೂ ವಾಪಸ್ಸಾದವುಗಳಲ್ಲಿತ್ತು. ಕಳಿಸಿದವರು ಅವರ ರೈಟರ್ ಅನಂತಯ್ಯ. ಇಷ್ಟು ದಿನ ನಾನು ಮೆಚ್ಚಿದ ಅಚ್ಚುಕಟ್ಟಾದ ವಾಕ್ಯಗಳೆಲ್ಲ ಅವರವು. ಅನುವಾದದ ಕಾದಂಬರಿ ಕೈಗೆ ಬಂದರೆ ಮೊದಲು ಅನುವಾದಕರ ಹೆಸರು ಹುಡುಕುವವಳು ನಾನು. ಎಷ್ಟೋ ಸಲ ಅದು ಒಳಪುಟದ ಸಣ್ಣ ಅಕ್ಷರದಲ್ಲಿರುತ್ತದೆ.

“ಅನಂತಯ್ಯಂದು ನನ್ನ ಹೆಸರಲ್ಲೇ ಸೇರ್ಸಿಬಿಡಮ್ಮ, ಯಾರಿಗೂ ಗೊತ್ತಾಗೋದು ಬೇಡ” ಎಂದರು ಅಧ್ಯಕ್ಷರು.

ನಾಳೆ ಆಫೀಸಿಗೆ ಹೋದೊಡನೆ ಆ ವಿಳಾಸ ಸೇರಿಸುತ್ತೇನೆ. ಪಟ್ಟಿಯಲ್ಲಿ ಅದರ ಎದುರಿಗೆ ಅನಂತಯ್ಯ ಎಂದೇ ಬರೆಯುತ್ತೇನೆ.